ಬಿದ್ದರೂ ಹನ್ನೊಂದು

ತಾಲ್ಕಾವಾನೊದ ಭಾನುವಾರದ ಸಂತೆಯಲ್ಲಿ
ನಿಂತ ಗಡಿಯಾರ, ಒಂಟಿ ಬೂಟುಗಳ ನಡುವೆ
ಈರುಳ್ಳಿ ಚೀಲದ ತುಂಬ ಪ್ಲಾಸ್ಟಿಕ್ ಇಟ್ಟಿಗೆ.
ಎಷ್ಟಿವೆ ಅಂತ ಕೇಳಿದೆ. ಮಾರುವವಳು ಚೀಲ ತೂಗಿ
"ಒಂದೂವರೆ ಕಿಲೋ" ಅಂದಳು.
ಮೀನನ್ನೂ ಹಾಗೇ ಕೊಳ್ಳುವವಳು ನಾನು, ಸುಮ್ಮನಾದೆ.

ಸೋಪಿನ ನೀರಲ್ಲಿ ತೊಳೆದು ಟವೆಲ್ ಮೇಲೆ ಹರವಿದೆವು.
ಎಲುನೇ ಮೊದಲು ಬಣ್ಣಕ್ಕೆ ಬಣ್ಣ ಸೇರಿಸಿಟ್ಟಳು.
ಆಮೇಲೆ ಏನನ್ನಿಸಿತೋ, ಎಲ್ಲ ಕಲಸಿ
ಉದ್ದಕ್ಕೆ ಉದ್ದ ಸೇರಿಸಿಟ್ಟಳು.
ಅವೇ ಇಟ್ಟಿಗೆ. ಎರಡು ಬೇರೆ ಬೇರೆ ಊರು.

ತಲೆಯ ಮೇಲಿನ ಗುಬುಟುಗಳಿಗೆ ಅವಳಿಟ್ಟ ಹೆಸರು ಮೊಗ್ಗು.
ಎಂಟು ಎಂಬ ಮಾತು ಅವಳ ನಾಲಿಗೆಗೆ ಇನ್ನೂ ಒಗ್ಗಿಲ್ಲ;
ಆರಾದ ಮೇಲೆ ಒಂಬತ್ತಕ್ಕೆ ಹಾರುತ್ತಾಳೆ,
ನಡುವಿನೆರಡು ಮೆಟ್ಟಿಲು ಮುರಿದಿವೆಯೆಂಬಂತೆ.
ಆದರೆ ಎಂಟು ಮೊಗ್ಗಿನ ಇಟ್ಟಿಗೆ ಮುಗಿದಾಗ
ನಾಲ್ಕರವು ಎರಡನ್ನು ಜೋಡಿಸಿ ಒತ್ತಿ
ಬೆರಳು ಸವರಿ ನೋಡುತ್ತಾಳೆ, ಅಂಚಿಗೆ ಅಂಚು.
ಮಗ್ಗಿ ಬಾಯಿಗೆ ಬರುವ ಮೊದಲೇ
ಉಗುರಿಗೆ ಬಂದಿದೆ.

ನಿವಾಲ್ದೊ ಗಾರೆಯ ಕೈ ತೊಳೆಯದೆಯೇ ಬಂದು ಕೂತ.
ಒಂದರ ತಲೆಯ ಮೇಲೆ ನೇರ ಇನ್ನೊಂದು,
ಪಕ್ಕಪಕ್ಕದಲ್ಲೇ ಎರಡು ಕಂಬ,
ಮಾತು ಬಿಟ್ಟ ದಾಯಾದಿಗಳ ಹಾಗೆ.
ಮೇಲಿನದೊಂದನ್ನು ಕಿತ್ತು
ಎರಡು ಕಂಬಕ್ಕೂ ಸಮನಾಗಿ ಬರುವಂತೆ ಕೂರಿಸಿದ.
"ಸಂದಿನ ಮೇಲೆ ಸಂದು ಬರಬಾರದು." ಅಷ್ಟೇ ಮಾತು.
ಅರ್ಧವನ್ನು ಅವಳು ಕಂಡದ್ದು ಹೀಗೆ,
ಇಬ್ಬರ ಹೆಗಲ ಮೇಲೆ ಒಬ್ಬ ಕೂತಂತೆ.
ನಾನು ಕಂಡದ್ದು ರೊಟ್ಟಿ ಮುರಿಯುವಾಗ.
ಐವರು ಮಕ್ಕಳು ನಾವು. ಅದನ್ನು ಹೇಳಲಿಲ್ಲ.

ಚೀಲದಲ್ಲಿ ಬೇರೆ ಯಾವುದೋ ಕಂಪನಿಯವೂ ಇದ್ದವು, ನೀಲಿ.
ಕಣ್ಣಿಗೆ ಒಂದೇ, ಒತ್ತಿದರೆ ಕೂರುವುದಿಲ್ಲ.
"ಹೆಚ್ಚು ಕಡಿಮೆ ಒಂದೇ ಅಲ್ಲವೇನೇ" ಅಂದೆ.
"ಹೆಚ್ಚೋ? ಕಡಿಮೆಯೋ?" ಅಂದಳು.
ಇಪ್ಪತ್ತನಾಲ್ಕು ಡಬ್ಬಿಗೊಂದು ಪೆಟ್ಟಿಗೆ ಕಟ್ಟುತ್ತ
ಕ್ಯಾನರಿಯಲ್ಲಿ ಹನ್ನೊಂದು ವರ್ಷ ಕಳೆದವಳು,
ಉತ್ತರ ಗೊತ್ತಿರಲಿಲ್ಲ.

ಸಂಜೆಗೆ ಗೋಪುರ ಹಾಲಿನ ಪೊಟ್ಟಣದ ಎತ್ತರ ಮುಟ್ಟಿತು.
ಅಪ್ಪನೇ ಎಣಿಸಿ ಹೇಳಿದ, ಹನ್ನೊಂದು ಇಟ್ಟಿಗೆ.

ಊಟಕ್ಕೆ ಮುಂಚೆ ನೆಲ ನಡುಗಿತು.
ದೊಡ್ಡದೇನಲ್ಲ, ಇಲ್ಲಿ ಇಷ್ಟಕ್ಕೆಲ್ಲ ಯಾರೂ ಸೌಟು ಕೆಳಗಿಡುವುದಿಲ್ಲ.
ದೀಪ ತೂಗಿತು, ಕಪ್ಪುಗಳು ಹಲ್ಲು ಕಡಿದವು,
ಮೇಜಿನಂಚಿನ ಗೋಪುರ ನೆಲಕ್ಕೆ ಬಿದ್ದು ಚೆಲ್ಲಾಪಿಲ್ಲಿ.

ಅಳುತ್ತಾಳೆಂದು ಕಾದೆ. ಮಂಡಿಯೂರಿ ಹೆಕ್ಕತೊಡಗಿದಳು.
ನಾಲ್ಕು, ಐದು, ಆರು, ಒಂಬತ್ತು...
ಹದಿಮೂರಕ್ಕೆ ನಿಂತಳು.
"ಬಿದ್ದರೆ ಜಾಸ್ತಿ ಆಗುತ್ತಾ?"
ನಿವಾಲ್ದೊ ಬಾಯಿ ತೆರೆದ. ಅವನ ಮೊಣಕಾಲು ಅದುಮಿದೆ.

ನೆಲದ ಚೌಕಗಳ ಮೇಲೆ ಒಂದಕ್ಕೊಂದರಂತೆ ಸಾಲಾಗಿಟ್ಟು
ತೋರುಬೆರಳಿನಿಂದ ಒಂದೊಂದನ್ನೂ ತಟ್ಟುತ್ತ ಹೊರಟಳು.
ಆರು.
ಬೆರಳು ಗಾಳಿಯಲ್ಲೇ ಉಳಿಯಿತು,
ಕತ್ತಲ ಮೆಟ್ಟಿಲಿಗೆ ಕಾಲು ತಡವುವಂತೆ.
ಏಳು. ಎಂಟು.
ಕೊನೆಯದನ್ನು ಒತ್ತಿ ಹಿಡಿದು
"ಬಿದ್ದರೂ ಹನ್ನೊಂದೇ" ಅಂದಳು,
ಯಾರೋ ಮೋಸ ಮಾಡಲು ನೋಡಿ ಸಿಕ್ಕಿಬಿದ್ದ ಹಾಗೆ.

ಆ ದೊಡ್ಡ ರಾತ್ರಿ, ಸಮುದ್ರಕ್ಕೆ ಬೆನ್ನು ಹಾಕಿ
ಗುಡ್ಡ ಹತ್ತಿ ನಿಂತಾಗ, ನನ್ನಮ್ಮ
ಕತ್ತಲಲ್ಲಿ ನಮ್ಮ ತಲೆ ಮುಟ್ಟಿ ಮುಟ್ಟಿ ಎಣಿಸಿದ್ದಳು.
ಐದು ಬಂತು. ಮತ್ತೆ ಎಣಿಸಿದಳು.
ಬೆಳಗಾಗುವ ತನಕ ಎಣಿಸಿದಳು.

ಸಾರು ಆರಿತ್ತು, ಮತ್ತೆ ಬಿಸಿಗಿಟ್ಟೆ.
ಎಲುನೇ ಆಗಲೇ ಮೇಜು ಬಿಟ್ಟು ನೆಲ ಹಿಡಿದಿದ್ದಳು.
ಈ ಸಲ ಅಡಿಗೆ ನಾಲ್ಕು ಇಟ್ಟಿಗೆ, ಅಗಲವಾಗಿ,
ಸಂದಿನ ಮೇಲೆ ಸಂದು ಬಾರದ ಹಾಗೆ.
ಎತ್ತರ ಹಾಲಿನ ಪೊಟ್ಟಣದ ಅರ್ಧಕ್ಕೂ ಬರಲಿಲ್ಲ.
"ಗಿಡ್ಡವಾಯಿತಲ್ಲ" ಅಂದ ನಿವಾಲ್ದೊ.
ಅವಳು ತಲೆಯೆತ್ತಲಿಲ್ಲ.
"ಹನ್ನೊಂದೇ ಅಪ್ಪಾ" ಅಂದಳು.